ಸರ್ವರ್ ತುಂಬಿದೆ, ರೆಕಾರ್ಡ್ ರೂಮೂ ತುಂಬಿದೆ: ಸಹಕಾರ ಸಂಘ ಯಾವ ದಾಖಲೆಯನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು?

ಪ್ರಶ್ನೆ: ನಮ್ಮದು ಕರಾವಳಿಯ ಒಂದು ಪತ್ತಿನ ಸಹಕಾರ ಸಂಘ. 6 ಶಾಖೆ, ಸುಮಾರು 11,000 ಸದಸ್ಯರು. ಪ್ರಧಾನ ಕಚೇರಿಯ ನ್ಯಾಸ್ ಡಬ್ಬಿಯಲ್ಲಿ (ಎಲ್ಲ ಕಂಪ್ಯೂಟರುಗಳೂ ನೆಟ್‌ವರ್ಕಿನ ಮೂಲಕ ಬಳಸುವ ಸಂಗ್ರಹ ಪೆಟ್ಟಿಗೆ) ಎರಡು ವರ್ಷದ ಹಿಂದೆ 1.8 ಟಿಬಿ ಇದ್ದ ಮಾಹಿತಿ ಈಗ 3.6 ಟಿಬಿ ಆಗಿದೆ. ಇದರ ಜೊತೆಗೆ ಸಿಬ್ಬಂದಿಯ ಜಿಮೇಲ್, ಶಾಖೆಗಳ ವಾಟ್ಸ್ಯಾಪ್ ಗುಂಪು, ಎರಡು ಕೋಣೆ ತುಂಬ ಕಡತಗಳು. ಏನನ್ನೂ ಬಿಸಾಡಲು ಧೈರ್ಯ ಬರುವುದಿಲ್ಲ, ಬೇಕಾದದ್ದು ಬೇಕಾದ ಹೊತ್ತಿಗೆ ಸಿಗುವುದಿಲ್ಲ. ಸಾಫ್ಟ್‌ವೇರ್‌ನವರು 16 ಟಿಬಿಯ ಹೊಸ ಡಬ್ಬಿ ಹಾಕಿಸಿ ಎನ್ನುತ್ತಾರೆ. ಹೊಸ ಡೇಟಾ ಕಾಯ್ದೆಯ ಹೆದರಿಕೆಯೂ ಇದೆ. ಎಲ್ಲಿಂದ ಶುರು ಮಾಡಬೇಕು? (ಸಂಘವೊಂದರ ಕಾರ್ಯದರ್ಶಿ)

ಉತ್ತರ: 16 ಟಿಬಿಯ ಲೆಕ್ಕವನ್ನೇ ಮೊದಲು ನೋಡೋಣ. ಎರಡು ವರ್ಷಕ್ಕೆ ಇಮ್ಮಡಿಯಾಗುತ್ತಿರುವ ಮಾಹಿತಿ ಇದೇ ಓಟದಲ್ಲಿ ಹೋದರೆ 3.6 ಇದ್ದದ್ದು ಎರಡು ವರ್ಷಕ್ಕೆ 7.2, ನಾಲ್ಕು ವರ್ಷಕ್ಕೆ 14.4. ನಾಲ್ಕೂ ಕಾಲು ವರ್ಷ ಆಗುವಷ್ಟರಲ್ಲಿ ಹೊಸ ಡಬ್ಬಿಯೂ ಭರ್ತಿ. ಆಗಲೂ ನೀವು ಇದೇ ಪ್ರಶ್ನೆ ಕೇಳುತ್ತೀರಿ, ಗೊಂದಲ ಮಾತ್ರ ನಾಲ್ಕು ಪಟ್ಟು ದೊಡ್ಡದಾಗಿರುತ್ತದೆ. ಡಿಸ್ಕ್ ಈಗ ಅಗ್ಗ. ಒಳಗೆ ಏನಿದೆ, ಅದು ಯಾರ ಜವಾಬ್ದಾರಿ, ಯಾವ ದಿನ ಅದನ್ನು ತೆಗೆಯಬೇಕು ಎಂಬುದು ಗೊತ್ತಿಲ್ಲದೆ ಇಟ್ಟುಕೊಳ್ಳುವುದು ದುಬಾರಿ.

ಬೆಳೆದ ಮಾಹಿತಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆ ಕಣ್ಣ ಮುಂದಿದೆ. 2025ರ ಸೆಪ್ಟೆಂಬರ್ 26ರಂದು ಅಲ್ಲಿನ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟಿಬಿ ಸುಟ್ಟುಹೋಯಿತು. ಬೇರೆ ಕಡೆ ಅದರ ಪ್ರತಿ ಇರಲಿಲ್ಲ. ಗಾತ್ರ ತೀರಾ ದೊಡ್ಡದು, ಹಾಗಾಗಿ ಹೊರಗೆ ಬ್ಯಾಕಪ್ ಇಡಲಾಗಲಿಲ್ಲ ಎಂಬುದೇ ಅಧಿಕಾರಿಗಳು ಕೊಟ್ಟ ಕಾರಣ. ಒಬ್ಬ ನೌಕರನಿಗೆ 30 ಜಿಬಿ ಜಾಗ ಎಂದು ಕೊಟ್ಟು, ಎಲ್ಲವನ್ನೂ ಅಲ್ಲೇ ಇಡಿ ಎಂದು ಹೇಳಿ, ಅದರಲ್ಲಿ ಯಾವುದು ಮುಖ್ಯ ಎಂದು ಬೇರ್ಪಡಿಸದೆ ಬಿಟ್ಟರೆ ಒಂದು ದಿನ ಮುಖ್ಯವಾದದ್ದನ್ನೂ ಕಾಪಾಡಲಾಗದಷ್ಟು ರಾಶಿ ಬೀಳುತ್ತದೆ. ನಿಮ್ಮ 3.6 ಟಿಬಿ ಈಗಲೂ ಕೈಗೆ ಸಿಗುವ ಗಾತ್ರದಲ್ಲಿದೆ. ಕೆಲಸ ಶುರು ಮಾಡಲು ಇದು ಒಳ್ಳೆಯ ಸಮಯ.

ಈ ರಾಶಿ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಲು ಒಂದೇ ಒಂದು ಆಧಾರ್ ಪ್ರತಿಯ ಬೆನ್ನು ಹತ್ತಿ. ಸದಸ್ಯರೊಬ್ಬರು ಬಂಗಾರದ ಸಾಲಕ್ಕೆ ಬರುತ್ತಾರೆ. ಅವರ ಆಧಾರ್‌ನ ಜೆರಾಕ್ಸ್ ಕಡತಕ್ಕೆ ಸೇರುತ್ತದೆ: ಒಂದು. ಸ್ಕ್ಯಾನರ್ ಕೆಟ್ಟಿದೆ ಎಂದು ಗುಮಾಸ್ತರು ತಮ್ಮ ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ: ಎರಡು. ಆ ಫೋಟೊ ತಾನಾಗಿಯೇ ಅವರ ಸ್ವಂತ ಗೂಗಲ್ ಫೋಟೊಸ್ ಖಾತೆಗೆ ಏರುತ್ತದೆ: ಮೂರು. ಮಂಜೂರಾತಿಗೆಂದು ಶಾಖೆಯ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತಾರೆ. ಗುಂಪಿನಲ್ಲಿರುವ ಉಳಿದ ಎಂಟು ಜನರ ಫೋನಿಗೂ ಅದು ಇಳಿಯುತ್ತದೆ: ಹನ್ನೊಂದು. ಪ್ರಧಾನ ಕಚೇರಿಯವರು ವಾಟ್ಸ್ಯಾಪ್ ವೆಬ್‌ನಿಂದ ಇಳಿಸಿದ್ದು ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿಯುತ್ತದೆ: ಹನ್ನೆರಡು. ಅಲ್ಲಿಂದ ನ್ಯಾಸ್‌ನ ‘ಹೊಸ ಫೋಲ್ಡರ್ 2’ಕ್ಕೆ: ಹದಿಮೂರು. ನ್ಯಾಸ್‌ನ ಬ್ಯಾಕಪ್ಪಿಗೆ: ಹದಿನಾಲ್ಕು. ಆರು ತಿಂಗಳ ನಂತರ ಅದೇ ಸದಸ್ಯರು ಸಾಲ ತೀರಿಸಿ ಹೊಸ ಸಾಲ ತೆಗೆದರೆ ಇಡೀ ಸರಣಿ ಮತ್ತೆ ಮೊದಲಿನಿಂದ.

ಸಂಘಕ್ಕೆ ಬೇಕಾಗಿದ್ದು ಒಂದು ಪ್ರತಿ. ಉಳಿದವು ಕೆಲಸದ ಅವಸರದಲ್ಲಿ ಹುಟ್ಟಿದ ಉಪಪ್ರತಿಗಳು. ಅವು ಜಾಗ ತಿನ್ನುವುದು ಸಣ್ಣ ತೊಂದರೆ. ಅವುಗಳಲ್ಲಿ ಯಾವ ಒಂದು ಸೋರಿದರೂ ಸದಸ್ಯರ ಮುಂದೆ ತಲೆ ತಗ್ಗಿಸಬೇಕಾದವರು ನೀವೇ, ಮತ್ತು ಅವು ಎಲ್ಲಿವೆ ಎಂಬುದೇ ನಿಮಗೆ ಗೊತ್ತಿರುವುದಿಲ್ಲ. ಗಾತ್ರದ ವಿಷಯಕ್ಕೂ ಇದೇ ಮೂಲ: ಮೊಬೈಲಿನ ಒಂದು ಫೋಟೊ ಸುಮಾರು 4 ಎಂಬಿ. ಅದೇ ಪುಟವನ್ನು ಸ್ಕ್ಯಾನರಿನಲ್ಲಿ 300 ಡಿಪಿಐ, ಕಪ್ಪು-ಬಿಳುಪಿನಲ್ಲಿ ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ 200 ಕೆಬಿಯ ಒಳಗೆ. 40,000 ಪುಟಕ್ಕೆ ಒಂದು ದಾರಿಯಲ್ಲಿ 160 ಜಿಬಿ, ಇನ್ನೊಂದು ದಾರಿಯಲ್ಲಿ 8 ಜಿಬಿ. ಕೆಟ್ಟ ಸ್ಕ್ಯಾನರನ್ನು ಇವತ್ತೇ ರಿಪೇರಿ ಮಾಡಿಸಿ. ಆಧಾರ್ ವಿಷಯದಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕಾಗುವ ಕಡೆಯಲ್ಲೆಲ್ಲ ಅದನ್ನೇ ತೆಗೆದುಕೊಳ್ಳಿ.

ಈಗ ಕೆಲಸದ ಕ್ರಮ. ಮೊದಲ ಒಂದು ತಿಂಗಳು ಏನನ್ನೂ ಅಳಿಸಬೇಡಿ. ಜಾಗ ಖಾಲಿ ಮಾಡುವ ಹುಮ್ಮಸ್ಸಿನಲ್ಲಿ ‘ಹಳೆಯದು’ ಎಂಬ ಫೋಲ್ಡರನ್ನು ಒಮ್ಮೆಗೇ ಒರೆಸಿ, ಆಮೇಲೆ ಅದರಲ್ಲಿ ವ್ಯಾಜ್ಯದ ಕಾಗದ ಇತ್ತು ಎಂದು ತಿಳಿಯುವುದು ಈ ಕೆಲಸದಲ್ಲಿ ಅತಿ ಸಾಮಾನ್ಯವಾದ ಅಪಘಾತ. ಆ ತಿಂಗಳಲ್ಲಿ ಮಾಡಬೇಕಾದದ್ದು ಪಟ್ಟಿ. ಒಂದು ಎಕ್ಸೆಲ್ ಹಾಳೆ, ಎಂಟು ಕಾಲಂ ಸಾಕು: ದಾಖಲೆಯ ಬಗೆ, ಎಲ್ಲಿದೆ, ಕಾಗದವೋ ಡಿಜಿಟಲ್ಲೋ, ಅಧಿಕೃತ ಪ್ರತಿ ಯಾವುದು, ಯಾರ ಜವಾಬ್ದಾರಿ, ಅದರಲ್ಲಿ ಸದಸ್ಯರ ವೈಯಕ್ತಿಕ ವಿವರ ಇದೆಯೇ, ಎಷ್ಟು ಕಾಲ ಇಡಬೇಕು, ಆ ಕಾಲ ಯಾವ ದಿನದಿಂದ ಎಣಿಕೆ. ಪ್ರತಿ ಕಡತವನ್ನೂ ಬರೆಯಲು ಹೋಗಬೇಡಿ, ಮೂರನೇ ದಿನಕ್ಕೆ ಕೈಬಿಡುತ್ತೀರಿ. ‘ಬಂಗಾರದ ಸಾಲದ ಕಡತ’, ‘ಪಿಗ್ಮಿ ಜಮಾ ಪಟ್ಟಿ’, ‘ಆಡಳಿತ ಮಂಡಳಿ ನಡವಳಿ’ ಎಂದು ಬಗೆಗಳನ್ನು ಬರೆಯಿರಿ. ನಿಮ್ಮ ಗಾತ್ರದ ಸಂಘದಲ್ಲಿ 40ರಿಂದ 60 ಬಗೆ ಬರಬಹುದು. ಜವಾಬ್ದಾರಿಯ ಕಾಲಮಿನಲ್ಲಿ ವ್ಯಕ್ತಿಯ ಹೆಸರು ಹಾಕಬೇಡಿ, ಹುದ್ದೆ ಹಾಕಿ. ಶಾಖಾ ವ್ಯವಸ್ಥಾಪಕರು ವರ್ಗವಾಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ.

ನ್ಯಾಸ್‌ನಲ್ಲಿ ಏನು ತುಂಬಿದೆ ಎಂದು ತಿಳಿಯಲು ವಿನ್‌ಡಿರ್‌ಸ್ಟ್ಯಾಟ್‌ನಂಥ ಉಚಿತ ಸಾಧನ ಸಾಕು. ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ಅದು ಚಿತ್ರದಲ್ಲೇ ತೋರಿಸುತ್ತದೆ. ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಮಹಾಸಭೆಯ ವೀಡಿಯೊ, ಶಾಖೆ ಉದ್ಘಾಟನೆಯ ಫೋಟೊ, ಯಾರದೋ ಮೊಬೈಲಿನ ಪೂರ್ತಿ ನಕಲು, ಹಳೆಯ ಕಂಪ್ಯೂಟರ್ ಬದಲಿಸುವಾಗ ಇಡಿಯಾಗಿ ಸುರಿದ ಡೆಸ್ಕ್‌ಟಾಪ್. ಸಂಘದ ಜೀವ ಇರುವ ಲೆಕ್ಕಪತ್ರದ ಡೇಟಾಬೇಸ್ ಹತ್ತಾರು ಜಿಬಿಯನ್ನು ದಾಟುವುದು ಅಪರೂಪ. ಒಂದೇ ಫೈಲಿನ ನಕಲುಗಳನ್ನು ಹುಡುಕುವಾಗ ಹೆಸರು ನೋಡಿ ನಿರ್ಧರಿಸಬೇಡಿ. ‘ಸುಸ್ತಿ ಪಟ್ಟಿ ಫೈನಲ್’, ‘ಫೈನಲ್ 2’, ‘ಫೈನಲ್ ಕರೆಕ್ಟ್’ ಮೂರರಲ್ಲಿ ಮಹಾಸಭೆಗೆ ಹೋದದ್ದು ಯಾವುದು ಎಂದು ಹೆಸರು ಹೇಳುವುದಿಲ್ಲ. ಫೈಲಿನ ಒಳಗಿನ ತಿರುಳನ್ನು ಹೋಲಿಸುವ ಸಾಧನ ಬಳಸಿ, ಅಕ್ಷರಶಃ ಒಂದೇ ಆಗಿರುವುದನ್ನು ಮಾತ್ರ ನಕಲು ಎಂದು ಗುರುತು ಹಾಕಿ. ಮುಂದಕ್ಕೆ ಹೆಸರಿಡುವ ಒಂದೇ ಪದ್ಧತಿ ಇರಲಿ: ವರ್ಷ-ತಿಂಗಳು-ದಿನ, ಶಾಖೆಯ ಸಂಕೇತ, ದಾಖಲೆಯ ಬಗೆ, ಆವೃತ್ತಿ ಸಂಖ್ಯೆ. ಮಂಡಳಿ ಒಪ್ಪಿದ ಮೇಲೆ ಆ ದಾಖಲೆ ಪಿಡಿಎಫ್ ಆಗಿ ಬೇರೆ ಫೋಲ್ಡರಿಗೆ ಹೋಗಬೇಕು, ಅಲ್ಲಿ ಯಾರಿಗೂ ತಿದ್ದುವ ಅಧಿಕಾರ ಇರಬಾರದು.

ಇಲ್ಲೊಂದು ಮಾತು ಕನ್ನಡದಲ್ಲಿ ಕೆಲಸ ಮಾಡುವ ಕಚೇರಿಗಳಿಗೆ ಮುಖ್ಯ. ನಿಮ್ಮ ಹಳೆಯ ನಡವಳಿ, ಪತ್ರ, ಸುತ್ತೋಲೆಗಳು ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ಓದಿಸಿಕೊಳ್ಳುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಫಾಂಟ್ ಇದ್ದರೂ ‘ಠರಾವು’ ಎಂದು ಯೂನಿಕೋಡಿನಲ್ಲಿ ಟೈಪಿಸಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಫೈಲ್ ಇದೆ, ಮಾಹಿತಿ ಇಲ್ಲ. ಪರಿವರ್ತಕ ತಂತ್ರಾಂಶಗಳು ಇವನ್ನು ಯೂನಿಕೋಡಿಗೆ ತರುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು, ಹೆಸರಿನ ನಡುವೆ ಬರುವ ಚುಕ್ಕೆ, ಅಂಕಿಗಳಲ್ಲಿ ತಪ್ಪು ನುಸುಳುತ್ತದೆ. ಮೊತ್ತ ಮತ್ತು ಹೆಸರು ಇರುವ ಪುಟಗಳನ್ನು ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಬೇಕು. ಪರಿವರ್ತಿಸುವ ಮೊದಲು, ಹಳೆಯ ಫಾಂಟ್ ಇನ್ನೂ ಇರುವ ಕಂಪ್ಯೂಟರಿನಲ್ಲಿ ತೆರೆದು, ಫಾಂಟನ್ನು ಒಳಗೇ ಸೇರಿಸಿಕೊಳ್ಳುವ ಪಿಡಿಎಫ್-ಎ ರೂಪದಲ್ಲಿ ಉಳಿಸಿ. ಆ ಪಿಡಿಎಫ್ ಮೂಲದ ಸಾಕ್ಷಿ, ಯೂನಿಕೋಡ್ ಪ್ರತಿ ಹುಡುಕಾಟಕ್ಕೆ. ಆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುಂಚೆ ಈ ಕೆಲಸ ಮುಗಿಯಲೇಬೇಕು.

ಪಟ್ಟಿ ಆದ ಮೇಲೆ ಅವಧಿ. ನಿಮ್ಮ ಭಯವೆಲ್ಲ ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ‘ಎಲ್ಲವನ್ನೂ ಶಾಶ್ವತವಾಗಿ ಇಟ್ಟರೆ ಯಾರೂ ಕೇಳುವುದಿಲ್ಲ’ ಎಂಬ ನಂಬಿಕೆ ಇಷ್ಟು ದಿನ ನಡೆಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ತಲೆಕೆಳಗು ಮಾಡಿದೆ. ಯಾವ ಉದ್ದೇಶಕ್ಕೆ ತೆಗೆದುಕೊಂಡಿರೋ ಆ ಉದ್ದೇಶ ಮುಗಿದರೆ, ಬೇರೆ ಕಾನೂನು ಇಟ್ಟುಕೊಳ್ಳಿ ಎಂದು ಹೇಳದಿದ್ದರೆ, ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ ಅದು. ಸರಿಯಾದ ರಕ್ಷಣೆ ಇಲ್ಲದೆ ಸೋರಿಕೆಯಾದರೆ ದಂಡದ ಮಿತಿ 250 ಕೋಟಿ ರೂಪಾಯಿಯವರೆಗೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ಇಟ್ಟಿದ್ದಾರೆ. ಹೆದರಬೇಕಾಗಿಲ್ಲ, ಆದರೆ ಆ ಹೊತ್ತಿಗೆ ‘ಇದನ್ನು ಯಾಕೆ ಇಟ್ಟಿದ್ದೀರಿ’ ಎಂಬ ಪ್ರಶ್ನೆಗೆ ಪ್ರತಿ ಬಗೆಯ ದಾಖಲೆಗೂ ಒಂದು ಸಾಲಿನ ಉತ್ತರ ಇರಬೇಕು.

ಆ ಉತ್ತರ ಬೇರೆ ಬೇರೆ ಕಾನೂನುಗಳಲ್ಲಿ ಹಂಚಿಹೋಗಿದೆ. ಜಿಎಸ್‌ಟಿ ನೋಂದಣಿ ಇದ್ದರೆ ಅದರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2022-23ರ ಲೆಕ್ಕಕ್ಕೆ ಆ ಕೊನೆಯ ದಿನ 2023ರ ಡಿಸೆಂಬರ್ 31, ಹಾಗಾಗಿ 2029ರ ಡಿಸೆಂಬರ್ 31ರವರೆಗೆ. ‘6 ವರ್ಷ’ ಎಂದು ಬಾಯಿಮಾತಿನಲ್ಲಿ ಹೇಳಿ ಆರ್ಥಿಕ ವರ್ಷದ ಕೊನೆಯಿಂದ ಎಣಿಸಿದರೆ 9 ತಿಂಗಳು ಮುಂಚೆಯೇ ನಾಶಮಾಡಿಬಿಡುತ್ತೀರಿ. ಎಣಿಕೆಯ ದಿನಕ್ಕೆ ಪ್ರತ್ಯೇಕ ಕಾಲಂ ಇಡಿ ಎಂದದ್ದು ಇದಕ್ಕೇ. ಸಹಕಾರಿ ಬ್ಯಾಂಕುಗಳಿಗೆ ದಾಖಲೆ ಸಂರಕ್ಷಣಾ ಅವಧಿಯ 1985ರ ನಿಯಮಗಳಿವೆ. ಅವು ಕೆಲವು ವಹಿಗಳಿಗೆ 5 ವರ್ಷ, ಇನ್ನು ಕೆಲವಕ್ಕೆ 8 ವರ್ಷ ಹೇಳುತ್ತವೆ. ಪತ್ತಿನ ಸಂಘಕ್ಕೆ ಅವು ನೇರವಾಗಿ ಅನ್ವಯಿಸದಿದ್ದರೂ ಅಳತೆಗೋಲಾಗಿ ಬಳಸಬಹುದು. ಇವುಗಳ ಮೇಲೆ ನಿಮ್ಮ ಬೈಲಾ ಮತ್ತು ನಿಬಂಧಕರ ಸುತ್ತೋಲೆಗಳು. ಎರಡು ಕಡೆ ಎರಡು ಅವಧಿ ಹೇಳಿದ್ದರೆ ಉದ್ದವಾದದ್ದನ್ನು ಹಿಡಿಯಿರಿ.

ಇದನ್ನೆಲ್ಲ ಇಟ್ಟುಕೊಂಡು ನಾನು ಸೂಚಿಸುವ ಕರಡು ಹೀಗಿದೆ. ಮಂಡಳಿಯ ಮುಂದಿಡುವ ಮೊದಲು ನಿಮ್ಮ ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಿ.

ಬೈಲಾ, ನೋಂದಣಿ ಪತ್ರ, ಸದಸ್ಯತ್ವ ಮತ್ತು ಷೇರು ರಿಜಿಸ್ಟರ್, ಮಹಾಸಭೆ ಹಾಗೂ ಮಂಡಳಿಯ ನಡವಳಿ ಪುಸ್ತಕ, ವಾರ್ಷಿಕ ಲೆಕ್ಕಪರಿಶೋಧನಾ ವರದಿ: ಶಾಶ್ವತ.
ಕಿರ್ದಿ, ಲೆಡ್ಜರ್, ವೋಚರ್: ಆರ್ಥಿಕ ವರ್ಷ ಮುಗಿದು 8 ವರ್ಷ, ಆ ವರ್ಷದ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳೆಲ್ಲ ತೀರಿದ್ದರೆ ಮಾತ್ರ.
ಬಂಗಾರದ ಸಾಲ, ಜಾಮೀನು ಸಾಲ: ಸಾಲ ತೀರಿದ ದಿನದಿಂದ 8 ವರ್ಷ.
ಸ್ಥಿರಾಸ್ತಿ ಅಡಮಾನದ ಸಾಲ: ತೀರಿದ ದಿನದಿಂದ 12 ವರ್ಷ, ಮೂಲಪತ್ರ ಹಿಂದಿರುಗಿಸಿದ ರಸೀದಿಯ ಸಮೇತ.
ಠೇವಣಿ ಮತ್ತು ನಾಮಿನೇಷನ್: ಖಾತೆ ಮುಚ್ಚಿದ ಮೇಲೆ 8 ವರ್ಷ. ಹಕ್ಕುದಾರರು ಬಾರದ ಠೇವಣಿಗೆ ಅವಧಿಯೇ ಇಲ್ಲ, ಹಣ ಇತ್ಯರ್ಥವಾಗುವವರೆಗೆ.
ತಿರಸ್ಕೃತ ಸಾಲದ ಅರ್ಜಿ, ಕೆಲಸಕ್ಕೆ ಬಂದು ಆಯ್ಕೆಯಾಗದವರ ಅರ್ಜಿ: 1 ವರ್ಷ.
ಕಂಪ್ಯೂಟರ್ ಲಾಗ್: ಕನಿಷ್ಠ 1 ವರ್ಷ, ಹೊಸ ದತ್ತಾಂಶ ನಿಯಮಗಳಂತೆ.
ಕೆಲಸದ ಕರಡು, ನಕಲು, ಡೌನ್‌ಲೋಡ್ಸ್ ಫೋಲ್ಡರ್: 30 ದಿನ.

ಅವಧಿ ಮೀರಿದರೂ ಮುಟ್ಟಬಾರದ ಒಂದು ಗುಂಪಿದೆ. ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನ ವಿಚಾರಣೆ, 70ನೇ ಕಲಮಿನ ವಿವಾದ, ಪೊಲೀಸ್ ದೂರು, ತೆರಿಗೆ ನೋಟಿಸು, ಆಂತರಿಕ ತನಿಖೆ, ಇವುಗಳಲ್ಲಿ ಯಾವುದೇ ಶುರುವಾದ ಕ್ಷಣದಿಂದ ಸಂಬಂಧಪಟ್ಟ ದಾಖಲೆಗೆ ‘ತಡೆ’ ಗುರುತು ಬೀಳಬೇಕು. ಕಾಗದದ ಕಡತಕ್ಕೆ ಕೆಂಪು ಪಟ್ಟಿ, ಡಿಜಿಟಲ್ ಫೋಲ್ಡರಿಗೆ ಅಳಿಸುವ ಅಧಿಕಾರ ರದ್ದು. ನೋಟಿಸು ಬರಲಿ ಎಂದು ಕಾಯಬೇಡಿ, ಬರುವ ಸೂಚನೆ ಸಿಕ್ಕರೂ ಸಾಕು. ತಡೆ ಹಾಕುವುದು, ತೆಗೆಯುವುದು ಎರಡೂ ಕಾರ್ಯದರ್ಶಿಯ ಲಿಖಿತ ಆದೇಶದಿಂದಲೇ ಆಗಬೇಕು.

ಅವಧಿಗಿಂತ ಹೆಚ್ಚಾಗಿ ಸಂಘಗಳು ಸೋಲುವುದು ಬೇಕಾದ ಒಂದು ಹಾಳೆ ಸಿಗದೆ. ಸುಸ್ತಿ ಸಾಲದ ಉದಾಹರಣೆ ತೆಗೆದುಕೊಳ್ಳಿ. ಹಣ ವಸೂಲಿ ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಆ ಅವಧಿ ಮುಗಿಯುವುದರೊಳಗೆ ಸಾಲಗಾರ ‘ಇಷ್ಟು ಬಾಕಿ ಇದೆ’ ಎಂದು ಸಹಿ ಹಾಕಿ ಬರೆದುಕೊಟ್ಟರೆ, ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಎಣಿಕೆ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ಲಕ್ಷಾಂತರ ರೂಪಾಯಿಯ ಹಕ್ಕು ಆ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಆ ಹಾಳೆಯ ಫೋಟೊ ಕೆಲಸ ಬಿಟ್ಟುಹೋದ ವಸೂಲಿಗಾರರ ವಾಟ್ಸ್ಯಾಪಿನಲ್ಲಿದ್ದು, ಮೂಲ ಇನ್ಯಾವುದೋ ಕಡತದೊಳಗೆ ಸೇರಿಹೋಗಿದ್ದರೆ 16 ಟಿಬಿ ಇದ್ದೂ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿ ಸಾಲದ ಕಡತದ ಮೊದಲ ಪುಟದಲ್ಲಿ ಒಳಗಿನ ಕಾಗದಗಳ ಪಟ್ಟಿ ಅಂಟಿಸಿ: ಅರ್ಜಿ, ಪ್ರಾಮಿಸರಿ ನೋಟು, ಜಾಮೀನು ಪತ್ರ, ಪಹಣಿ, ಋಣಭಾರ ಪತ್ರ, ಬಾಕಿ ಒಪ್ಪಿಗೆ ಪತ್ರ, ಪ್ರತಿಯೊಂದಕ್ಕೂ ಪುಟಸಂಖ್ಯೆ, ಸೇರಿಸಿದವರ ಸಹಿ. ಪ್ರಾಮಿಸರಿ ನೋಟು, ಅಡಮಾನ ಪತ್ರ, ಒಪ್ಪಿಗೆ ಪತ್ರಗಳನ್ನು ಸ್ಕ್ಯಾನ್ ಮಾಡಿದ್ದೇವೆ ಎಂದು ಮೂಲವನ್ನು ಬಿಡಬಾರದು. ಥರ್ಮಲ್ ಕಾಗದದ ರಸೀದಿಗಳು ಕೆಲವೇ ವರ್ಷದಲ್ಲಿ ಬಿಳಿಚಿಕೊಳ್ಳುತ್ತವೆ, ಅವನ್ನು ಆವತ್ತೇ ಜೆರಾಕ್ಸ್ ಮಾಡಿ ಜೋಡಿಸಿ. ಕರಾವಳಿಯ ಮಳೆಗಾಲದಲ್ಲಿ ಕಡತದ ಕೋಣೆಯ ಕಪಾಟು ನೆಲದಿಂದ ಕನಿಷ್ಠ 15 ಸೆಂಟಿಮೀಟರ್ ಮೇಲಿರಲಿ, ಗೋಡೆಗೆ ತಾಗಬಾರದು. ಗೆದ್ದಲು ಗೋಡೆಯಿಂದಲೇ ಹತ್ತುತ್ತದೆ.

ಸಿಸಿಟಿವಿಯಲ್ಲಿ ಸಮಸ್ಯೆ ಉಲ್ಟಾ. ಒಂದು ಕ್ಯಾಮೆರಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ದರದಲ್ಲಿ ದಾಖಲಿಸಿದರೆ ದಿನಕ್ಕೆ 21.6 ಜಿಬಿ. ಶಾಖೆಗೆ 8 ಕ್ಯಾಮೆರಾ ಇದ್ದರೆ 173 ಜಿಬಿ. 4 ಟಿಬಿಯ ಡಿಸ್ಕ್ 23 ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯತೊಡಗುತ್ತದೆ. ಸದಸ್ಯರು ಒಂದು ತಿಂಗಳ ನಂತರ ‘ಕೌಂಟರಿನಲ್ಲಿ ಹಣ ಕಡಿಮೆ ಕೊಟ್ಟರು’ ಎಂದು ದೂರು ಕೊಟ್ಟಾಗ ದೃಶ್ಯವೇ ಇರುವುದಿಲ್ಲ. ನಿಮ್ಮ ಡಿವಿಆರ್ (ಕ್ಯಾಮೆರಾ ದೃಶ್ಯ ದಾಖಲಿಸುವ ಯಂತ್ರ) ನಿಜವಾಗಿ ಎಷ್ಟು ದಿನ ಹಿಂದಕ್ಕೆ ಹೋಗುತ್ತದೆ ಎಂದು ಇವತ್ತೇ ತೆಗೆದು ನೋಡಿ. ದೂರು ಬಂದ ದಿನವೇ ಆ ತುಣುಕನ್ನು ಬೇರೆ ಮಾಡಿ, ಅದರ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲನ್ನು ಸ್ವಲ್ಪ ತಿದ್ದಿದರೂ ಬದಲಾಗುತ್ತದೆ) ತೆಗೆದು ರಿಜಿಸ್ಟರಿನಲ್ಲಿ ಬರೆಯಿರಿ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆಯಿಂದ ಎಸ್‌ಎಚ್‌ಎ-256 ಮೌಲ್ಯ ಅರೆ ನಿಮಿಷದಲ್ಲಿ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವೇ ಇದೆ. ಆಮೇಲೆ ಯಾರೂ ತಿದ್ದಿಲ್ಲ ಎಂದು ತೋರಿಸಲು ಅದೇ ಆಧಾರ.

ಈಗ ಬ್ಯಾಕಪ್. ‘ಇದೆ’ ಎಂದು ಎಲ್ಲರೂ ಹೇಳುತ್ತಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಜ್ಞಾನ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ಹುಡುಕಿದರೆ, ದಿನವೂ ನಡೆಯಬೇಕಿದ್ದ ನಕಲು ಆವೃತ್ತಿಯ ಹೊಂದಾಣಿಕೆ ಇಲ್ಲದೆ ವಿಫಲವಾಗುತ್ತಲೇ ಇತ್ತು. ವಿಫಲವಾಯಿತು ಎಂದು ತಿಳಿಸುವ ಇಮೇಲುಗಳೂ ತಿರಸ್ಕೃತವಾಗುತ್ತಿದ್ದವು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ನಕಲು ಬೇರೆ ಕಾರಣಕ್ಕೆ ತೆಗೆದದ್ದು ಇತ್ತು. ತಂತ್ರಜ್ಞಾನವೇ ಕಸುಬಾದ ಕಡೆ ಹೀಗಾಗುವುದಾದರೆ, ಮರಳಿ ತೆಗೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನೀವು ಲೆಕ್ಕಕ್ಕೆ ಹಿಡಿಯಲೇಬಾರದು.

ನಿಮಗೆ ಬೇಕಾದದ್ದು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರಾಚೆ. ನ್ಯಾಸ್‌ನೊಳಗಿನ ರೇಡ್ (ಹಲವು ಡಿಸ್ಕಿಗೆ ಮಾಹಿತಿ ಹಂಚುವ ಏರ್ಪಾಡು) ಬ್ಯಾಕಪ್ ಅಲ್ಲ, ಅದು ಒಂದು ಡಿಸ್ಕ್ ಕೆಟ್ಟರೆ ಮಾತ್ರ ಉಳಿಸುತ್ತದೆ. ಗೂಗಲ್ ಡ್ರೈವಿನ ಸಿಂಕ್ ಕೂಡ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸುತ್ತದೆ, ಅಲ್ಲಿನ ಕಸದಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಕಂಪ್ಯೂಟರುಗಳಿಗೆ ಸದಾ ಜೋಡಿಸಿಯೇ ಇರುವ ಡ್ರೈವಿಗೂ, ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರ್ ಮೂಲದ ಜೊತೆಗೇ ಬೀಗ ಹಾಕುತ್ತದೆ. ದೆಹಲಿಯ ಏಮ್ಸ್‌ನಲ್ಲಿ 2022ರ ನವೆಂಬರ್ 23ರಂದು ಐದು ಸರ್ವರುಗಳ ಸುಮಾರು 1.3 ಟಿಬಿ ಹೀಗೆ ಬೀಗ ಬಿದ್ದು, ಎರಡು ವಾರದಷ್ಟು ಕಾಲ ಚೀಟಿ ಬರೆದು ಆಸ್ಪತ್ರೆ ನಡೆಸಬೇಕಾಯಿತು.

ಹೀಗೆ ಮಾಡಿ. ಮೂರು ಬಾಹ್ಯ ಡಿಸ್ಕ್ ಕೊಳ್ಳಿ, ಶುಕ್ರವಾರದ ಸರದಿ. ಒಂದರಲ್ಲಿ ನಕಲು ಆಗುತ್ತಿದ್ದರೆ ಒಂದು ಪ್ರಧಾನ ಕಚೇರಿಯ ತಿಜೋರಿಯಲ್ಲಿ, ಇನ್ನೊಂದು ದೂರದ ಶಾಖೆಯ ಸ್ಟ್ರಾಂಗ್ ರೂಮಿನಲ್ಲಿ. ನಿಮ್ಮಂಥ ಸಂಘಕ್ಕೆ ಭದ್ರ ಕೋಣೆ ಇರುವುದೇ ದೊಡ್ಡ ಅನುಕೂಲ, ಅದನ್ನು ಬಳಸಿಕೊಳ್ಳಿ. ಡಿಸ್ಕನ್ನು ವಿಂಡೋಸಿನ ಬಿಟ್‌ಲಾಕರಿನಂಥದರಿಂದ, ಕೀಲಿ ಇಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿ. ಅದರ ಚೇತರಿಕೆ ಕೀಲಿಯನ್ನು ಕಾಗದದ ಮೇಲೆ ಮುದ್ರಿಸಿ ಮೊಹರು ಮಾಡಿದ ಲಕೋಟೆಯಲ್ಲಿ, ಬಂಗಾರದ ತಿಜೋರಿಯ ಜೋಡಿ ಕೀಲಿಯಂತೆ ಇಬ್ಬರ ವಶದಲ್ಲಿ ಇಡಿ. ಕೀಲಿ ಕಳೆದರೆ ಡಿಸ್ಕ್ ಇಟ್ಟಿಗೆಗೆ ಸಮ. ಲೆಕ್ಕಪತ್ರದ ಡೇಟಾಬೇಸನ್ನು ಇದಲ್ಲದೆ ದಿನವೂ ಕ್ಲೌಡಿಗೆ, ಕೆಲವು ದಿನ ಯಾರೂ ಅಳಿಸಲಾಗದ ಬಗೆಯಲ್ಲಿ ಕಳಿಸಿ. ಇಡೀ 3.6 ಟಿಬಿಯನ್ನು ಕ್ಲೌಡಿಗೆ ಹಾಕಿ ನಿಶ್ಚಿಂತರಾಗಬೇಡಿ: 100 ಎಂಬಿಪಿಎಸ್ ಲೈನಿನಲ್ಲಿ ಅದನ್ನು ಮರಳಿ ಇಳಿಸಲು ಎಡೆಬಿಡದೆ 80 ಗಂಟೆ ಬೇಕು. ಬಾಹ್ಯ ಡಿಸ್ಕಿನಿಂದ ಸೆಕೆಂಡಿಗೆ 100 ಎಂಬಿಯಂತೆ 10 ಗಂಟೆ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಡೇಟಾಬೇಸನ್ನು ಮರಳಿ ಹಾಕಿ, ಹಿಂದಿನ ದಿನದ ನಗದು ಶಿಲ್ಕು ಕಿರ್ದಿಗೆ ತಾಳೆಯಾಗುತ್ತದೆಯೇ, ಯಾವುದಾದರೂ 10 ಸದಸ್ಯರ ಖಾತೆ ಸರಿಯಿದೆಯೇ ನೋಡಿ, ಹಿಡಿದ ಸಮಯ ಬರೆದು ಇಬ್ಬರು ಸಹಿ ಮಾಡಿ. ಸಾಫ್ಟ್‌ವೇರ್‌ನವರು ಇದಕ್ಕೆ ಒಪ್ಪದಿದ್ದರೆ ಒಪ್ಪಂದ ನವೀಕರಿಸುವಾಗ ಶರತ್ತಾಗಿ ಸೇರಿಸಿ. ಸಂಬಂಧ ಮುಗಿದ ದಿನ ಪೂರ್ತಿ ಮಾಹಿತಿಯನ್ನು ಬೇರೆಯವರೂ ಓದಬಲ್ಲ ರೂಪದಲ್ಲಿ ಕೊಡಬೇಕು ಎಂಬ ಸಾಲೂ ಅದರಲ್ಲಿರಲಿ.

ಯಾರಿಗೆ ಎಷ್ಟು ಬಾಗಿಲು ಎಂಬುದು ಚಿಕ್ಕ ವಿಷಯವಲ್ಲ, ಆದರೆ ಪರಿಹಾರ ಸರಳ. ಎಲ್ಲರೂ ಬಳಸುವ ‘ಅಡ್ಮಿನ್’ ಪಾಸ್‌ವರ್ಡ್ ಇವತ್ತೇ ಹೋಗಲಿ. ಸ್ವಂತ ಜಿಮೇಲಿನಲ್ಲಿ ಸಂಘದ ಪತ್ರವ್ಯವಹಾರ ನಿಲ್ಲಿಸಿ, ಸಂಘದ ಹೆಸರಿನ ಡೊಮೈನಿನಲ್ಲಿ ಹುದ್ದೆವಾರು ಇಮೇಲ್ ಕೊಡಿ. ಗುಮಾಸ್ತರು ಬಿಟ್ಟುಹೋದರೆ ಆ ಜಿಮೇಲ್ ಅವರದೇ, ಎರಡು ವರ್ಷ ಬಳಸದಿದ್ದರೆ ಗೂಗಲ್ ಅದನ್ನು ಅಳಿಸಲೂಬಹುದು. ಸದಸ್ಯರ ಕಾಗದಗಳಿಗೆ ವಾಟ್ಸ್ಯಾಪ್ ಬೇಡ ಎಂದು ಬರೀ ಸುತ್ತೋಲೆ ಹೊರಡಿಸಿದರೆ ಒಂದು ವಾರ ನಡೆಯುತ್ತದೆ. ಸ್ಕ್ಯಾನರಿನ ಒಂದೇ ಬಟನ್ನಿಗೆ ಶಾಖೆಯ ಫೋಲ್ಡರಿಗೆ ನೇರ ಹೋಗುವಂತೆ ಮಾಡಿಕೊಟ್ಟರೆ ಅಭ್ಯಾಸ ತಾನಾಗಿ ಬದಲಾಗುತ್ತದೆ. ಪಿಗ್ಮಿ ಏಜೆಂಟರ ಫೋನಿನ ಆ್ಯಪಿನಲ್ಲಿ ಅವರ ಗ್ರಾಹಕರ ಪಟ್ಟಿ ಮಾತ್ರ ಕಾಣಲಿ, ಏಜೆನ್ಸಿ ರದ್ದಾದ ದಿನವೇ ಲಾಗಿನ್ ರದ್ದಾಗಲಿ. ಸದಸ್ಯರ ಪಟ್ಟಿಯನ್ನು ಅನುವಾದಕ್ಕೋ ಟಿಪ್ಪಣಿಗೋ ಎಐ ಚಾಟ್‌ಗಳಿಗೆ ಹಾಕುವುದಕ್ಕೂ ನಿಷೇಧವಿರಲಿ.

ಇಷ್ಟಾಗಿಯೂ ಸೋರಿಕೆಯಾದರೆ ಗಡಿಯಾರ ಬೇಗ ಓಡುತ್ತದೆ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸಂಸ್ಥೆಯಾದ ಸರ್ಟ್-ಇನ್‌ಗೆ, ನಿಮಗೆ ಗೊತ್ತಾದ 6 ಗಂಟೆಯೊಳಗೆ ವರದಿ. ದತ್ತಾಂಶ ಕಾಯ್ದೆಯ ಹೊಣೆಗಳು ಜಾರಿಯಾದ ಮೇಲೆ ತೊಂದರೆಗೊಳಗಾದ ಸದಸ್ಯರಿಗೂ ಆ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಆ ಮಂಡಳಿಗೆ ಪೂರ್ತಿ ವಿವರ. ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೆ ಬೇಕಾದ ದಿನ ಅದು ತೆರೆಯುವುದಿಲ್ಲ.

ಕೊನೆಗೆ ನೀವು ಅಂಜುವ ನಾಶದ ಕೆಲಸ. ವರ್ಷಕ್ಕೊಮ್ಮೆ, ಲೆಕ್ಕಪರಿಶೋಧನೆ ಮುಗಿದ ಮೇಲೆ ಇಡಿ. ಅವಧಿ ಮೀರಿದವುಗಳ ಪಟ್ಟಿ ತಯಾರಿಸಿ, ತಡೆ ಗುರುತಿನವುಗಳನ್ನು ತೆಗೆದು, ಶಾಖೆಗಳಿಗೆ 15 ದಿನದ ಆಕ್ಷೇಪಣೆಯ ಅವಕಾಶ ಕೊಟ್ಟು, ಮಂಡಳಿಯ ಠರಾವು ಮಾಡಿ. ಠರಾವಿನಲ್ಲಿ ಬಗೆ, ಅವಧಿ, ಸಂಖ್ಯೆ, ನಾಶದ ವಿಧಾನ ಬರಬೇಕು. ಮೂವರ ಸಮಿತಿಯ ಎದುರಿನಲ್ಲಿ ಕಾಗದವನ್ನು ಅಡ್ಡ-ಉದ್ದ ಎರಡೂ ಕತ್ತರಿಸುವ ಶ್ರೆಡರಿಗೆ ಹಾಕಿ. ರದ್ದಿಗೆ ತೂಕಕ್ಕೆ ಮಾರಿದರೆ ಸದಸ್ಯರ ಸಹಿ, ಫೋಟೊ, ಖಾತೆ ಸಂಖ್ಯೆ ಇರುವ ಅರ್ಜಿ ಸಂತೆಯಲ್ಲಿ ಶೇಂಗಾ ಪೊಟ್ಟಣವಾಗಿ ಬರುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದರ ಮೇಲೆಲ್ಲ ಬೇರೆ ಮಾಹಿತಿ ಬರೆಸಿ ಅಳಿಸಿ ಅಥವಾ ತಟ್ಟೆಗೇ ರಂಧ್ರ ಕೊರೆಸಿ. ಎಸ್‌ಎಸ್‌ಡಿಗೆ ಅದರ ಕಂಪನಿಯ ಸುರಕ್ಷಿತ ಅಳಿಸುವಿಕೆಯ ಸಾಧನವೇ ಬೇಕು, ಅಯಸ್ಕಾಂತ ಅದಕ್ಕೆ ತಾಗುವುದಿಲ್ಲ. ಬಾಡಿಗೆಗೆ ತಂದ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ, ನಕಲು ತೆಗೆದ ಪುಟಗಳು ಅದರಲ್ಲಿ ಉಳಿಯಬಹುದು. ಹಿಂದಿರುಗಿಸುವ ಮುನ್ನ ಅಳಿಸಿ ಪತ್ರ ಪಡೆಯಿರಿ. ನ್ಯಾಸ್‌ನಿಂದ ತೆಗೆದದ್ದು ಬ್ಯಾಕಪ್ಪಿನಲ್ಲಿ ಇನ್ನೂ ಉಳಿದಿರುತ್ತದೆ. ಹಳೆಯ ಬ್ಯಾಕಪ್ 90 ದಿನಕ್ಕೆ ಹೋಗುವಂತೆ ಇಟ್ಟರೆ ಅಲ್ಲಿಂದಲೂ ತೆರವಾಗುತ್ತದೆ. ನಾಶದ ರಿಜಿಸ್ಟರ್ ಮಾತ್ರ ಶಾಶ್ವತ. ಮುಂದೊಂದು ದಿನ ‘ಆ ಕಡತ ಎಲ್ಲಿ’ ಎಂದು ಯಾರಾದರೂ ಕೇಳಿದರೆ ನೀವು ತೋರಿಸಬೇಕಾದದ್ದು ಅದೇ.

16 ಟಿಬಿಯ ಡಬ್ಬಿಗೆ ಈಗ ಸಹಿ ಹಾಕಬೇಡಿ. ಅದರ ಬದಲು ಈ ವಾರ 5 ಟಿಬಿಯ ಮೂರು ಬಾಹ್ಯ ಡಿಸ್ಕ್, ಒಂದು ಒಳ್ಳೆಯ ಸ್ಕ್ಯಾನರ್, ಒಂದು ಶ್ರೆಡರ್ ತರಿಸಿ. ಪಟ್ಟಿ ಮುಗಿಸಿ, ನಕಲುಗಳನ್ನು ತೆಗೆದು, ಮೊದಲ ನಾಶದ ಠರಾವು ಆದ ಮೇಲೆ ನ್ಯಾಸ್‌ನಲ್ಲಿ ಎಷ್ಟು ಉಳಿಯಿತು ಎಂದು ನೋಡಿ, ಆ ಅಂಕಿಯ ಮೇಲೆ ಮುಂದಿನ ಖರೀದಿಯ ದರಪಟ್ಟಿ ಕರೆಯಿರಿ.